ಓಟು ಕದ್ದವರು ಮತ್ತು ಓಟಿನ ಮಾಲೀಕರು

ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತ ನಮ್ಮ ಕಡೆ ಗಾದೆ. ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಇದು ತಲೆಕೆಳಗು. ಅಲ್ಲಿ ಇಬ್ಬರ ಜಗಳದಲ್ಲಿ ಒಬ್ಬ ಗೆಲ್ಲುತ್ತಾನೆ, ಇನ್ನೊಬ್ಬ ಸೋಲುತ್ತಾನೆ, ಬೈಗುಳ ಪೂರ್ತಿ ಮೂರನೆಯವನಿಗೆ.

2000ದ ಫ್ಲಾರಿಡಾ ಕಥೆ ಗೊತ್ತಲ್ವಾ? ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಅಲ್ಲಿ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ಎದುರು ಗೆದ್ದದ್ದು 537 ಓಟಿನಿಂದ, ಆ ರಾಜ್ಯ ಸಿಕ್ಕಿದ್ದಕ್ಕೇ ಅಧ್ಯಕ್ಷರಾದರು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಇದಕ್ಕಿಂತ ದೊಡ್ಡ ಅಂತರದಲ್ಲಿ ಗೆದ್ದವರಿದ್ದಾರೆ. ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ 97,488 ಓಟು ಬಿದ್ದಿತ್ತು. ಅಷ್ಟೇ ಸಾಕಾಯ್ತು. ಡೆಮಾಕ್ರಟಿಕ್ ಪಕ್ಷದವರು ಇವತ್ತಿಗೂ ಆ ಹೆಸರು ಕೇಳಿದರೆ, ಹಬ್ಬದ ದಿನ ಬಾಗಿಲಿಗೆ ಬಂದ ಸಾಲ ಕೊಟ್ಟವನನ್ನು ನೋಡಿದ ಹಾಗೆ ಮುಖ ಮಾಡುತ್ತಾರೆ. ನೇಡರ್ ನಮ್ಮ ಓಟು ಕದ್ದ ಅನ್ನುತ್ತಾರೆ. ನಮ್ಮ ಓಟು! ಓಟು ಹಾಕಿದವನು ಬೇರೆ, ಓಟಿನ ಮಾಲೀಕ ಬೇರೆ. ಮತದಾರ ಸುಮ್ನೆ ಗೇಣಿದಾರ ಇದ್ದ ಹಾಗೆ, ನಾಲ್ಕು ವರ್ಷಕ್ಕೊಮ್ಮೆ ಬಂದು ಫಸಲು ಒಪ್ಪಿಸಿ ಹೋಗಬೇಕು.

ಅದೇ ವರ್ಷ ಅಲ್ ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸ್ಸಿಯಲ್ಲೇ ಸೋತಿದ್ದರು. ಅಲ್ಲಿನ 11 ಎಲೆಕ್ಟೋರಲ್ ಓಟು (ರಾಜ್ಯಕ್ಕೆ ಇಂತಿಷ್ಟು ಅಂತ ಇರೋ, ಅಧ್ಯಕ್ಷರನ್ನು ನಿಜಕ್ಕೂ ಆರಿಸೋ ಓಟು) ಬಂದಿದ್ದರೆ ಫ್ಲಾರಿಡಾದ ಗೊಡವೆಯೇ ಬೇಕಿರಲಿಲ್ಲ. ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ ಚಿಟ್ಟೆ ರೆಕ್ಕೆಯ ಹಾಗೆ ಎರಡೂ ಕಡೆ ಹೆಸರು ಹಾಕಿ, ತೂತು ಕೊರೆಯೋ ಜಾಗ ಮಧ್ಯದಲ್ಲಿಟ್ಟು ಬ್ಯಾಲೆಟ್ ಅಚ್ಚು ಹಾಕಿಸಿದ್ದರು. ಗೋರ್ ಹೆಸರು ಎಡಗಡೆ ಎರಡನೆಯದು. ಆದರೆ ಎರಡನೇ ತೂತು ಬಲಗಡೆಯ ಪ್ಯಾಟ್ ಬ್ಯುಕ್ಯಾನನ್‌ದು. ಬ್ಯುಕ್ಯಾನನ್ ಕಟ್ಟಾ ಬಲಪಂಥೀಯರು. ಆ ಕೌಂಟಿಯಲ್ಲಿ ಅವರಿಗೆ 3,407 ಓಟು ಬಂತು. ಈ ಓಟು ಬಹುಶಃ ನನ್ನದಲ್ಲ ಅಂತ ಆ ಮನುಷ್ಯ ತಾನೇ ಟಿವಿಯಲ್ಲಿ ಹೇಳಿದರು. ಇನ್ನೂ ಸಾವಿರಾರು ಜನ ಎರಡೆರಡು ತೂತು ಕೊರೆದು, ಅವರ ಓಟು ಕಸದ ಬುಟ್ಟಿ ಸೇರಿತು. ಆದರೂ ಕಳ್ಳ ಯಾರು? ನೇಡರ್! ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ.

ಆವತ್ತು ಫ್ಲಾರಿಡಾ ಬ್ಯಾಲೆಟ್‌ನಲ್ಲಿ ಒಟ್ಟು ಹತ್ತು ಜನ ಇದ್ದರು. ಬುಷ್, ಗೋರ್ ಬಿಟ್ಟು ಉಳಿದ ಎಂಟೂ ಜನಕ್ಕೆ 537ಕ್ಕಿಂತ ಜಾಸ್ತಿ ಓಟು ಬಿದ್ದಿದೆ. ಎಲ್ಲರಿಗಿಂತ ಕೆಳಗಿದ್ದದ್ದು ಸೋಷಿಯಲಿಸ್ಟ್ ವರ್ಕರ್ಸ್ ಪಕ್ಷದ ಜೇಮ್ಸ್ ಹ್ಯಾರಿಸ್, 562 ಓಟು. ಲೆಕ್ಕದ ಪ್ರಕಾರ ಇವರೂ ಅಮೆರಿಕದ ಚರಿತ್ರೆ ಬದಲಿಸಿದ ಪಾಪಿ. ಆದರೆ ಪಾಪ, ಇವರನ್ನು ಬೈಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ನ್ಯಾಚುರಲ್ ಲಾ ಪಕ್ಷದ ಜಾನ್ ಹ್ಯಾಗೆಲಿನ್‌ಗೆ 2,281 ಓಟು. ಈ ಪಕ್ಷ ಕಟ್ಟಿದ್ದು ನಮ್ಮ ಮಹೇಶ ಯೋಗಿಗಳ ಧ್ಯಾನದ ಶಿಷ್ಯರು. ಅಂದರೆ ಕಣ್ಣುಮುಚ್ಚಿ ಧ್ಯಾನಕ್ಕೆ ಕೂತವರೂ ಬುಷ್‌ರನ್ನು ಗೆಲ್ಲಿಸಿದ ಆರೋಪಿಗಳೇ. ಈ ಪಕ್ಷದ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಭಾವನ ಊಟದ ಮೇಜಿನ ಮೇಲೆ ಬರುತ್ತೆ.

ರಿಪಬ್ಲಿಕನ್ನರ ಮನೆಯಲ್ಲೂ ಇದೇ ಗೋಳು. 1992ರಲ್ಲಿ ರಾಸ್ ಪೆರೋ ಅನ್ನೋ ಟೆಕ್ಸಾಸಿನ ಕೋಟ್ಯಧಿಪತಿ ನಿಂತು 1 ಕೋಟಿ 97 ಲಕ್ಷ ಓಟು ತೆಗೆದುಕೊಂಡರು. ನೂರಕ್ಕೆ ಹತ್ತೊಂಬತ್ತು! ಅದಕ್ಕೆ ಸಿಕ್ಕ ಎಲೆಕ್ಟೋರಲ್ ಓಟು ಸೊನ್ನೆ, ಯಾಕೆಂದರೆ ಬಹುತೇಕ ಎಲ್ಲ ರಾಜ್ಯದಲ್ಲೂ ಮೊದಲು ಬಂದವನಿಗೆ ಇಡೀ ತಟ್ಟೆ, ಉಳಿದವರಿಗೆ ಕೈ ತೊಳೆಯೋ ನೀರು. ಪೆರೋ ಇರದಿದ್ದರೆ ಅವರ ಓಟು ಎರಡೂ ಕಡೆ ಹೆಚ್ಚುಕಮ್ಮಿ ಸಮಸಮ ಹೋಗುತ್ತಿತ್ತು ಅಂತ ಎಕ್ಸಿಟ್ ಪೋಲ್ ಹೇಳಿತು. ಯಾರು ಕೇಳುತ್ತಾರೆ? ದೊಡ್ಡ ಬುಷ್, ಅಂದರೆ ಅಪ್ಪ ಬುಷ್, ಸೋತದ್ದು ಪೆರೋ ದೆಸೆಯಿಂದ ಅಂತ ಗೋಡೆ ಮೇಲೆ ಬರೆದಾಗಿತ್ತು.

ಇನ್ನೂ ಹಿಂದಿನದೊಂದಿದೆ, ಇದು ನಗು ಬರಿಸಲ್ಲ. 1844ರಲ್ಲಿ ಗುಲಾಮಗಿರಿ ಬೇಡ ಅನ್ನೋ ಲಿಬರ್ಟಿ ಪಕ್ಷದ ಜೇಮ್ಸ್ ಬರ್ನಿಗೆ ನ್ಯೂಯಾರ್ಕ್‌ನಲ್ಲಿ ಹದಿನೈದು ಸಾವಿರ ಚಿಲ್ಲರೆ ಓಟು ಬಂತು. ಆ ರಾಜ್ಯ ಗೆದ್ದಿದ್ದರೆ ಅಧ್ಯಕ್ಷರಾಗುತ್ತಿದ್ದ ಹೆನ್ರಿ ಕ್ಲೇ ಅಲ್ಲಿ ಸೋತದ್ದು ಐದು ಸಾವಿರದಿಂದ. ಗೆದ್ದ ಪೋಕ್ ಗುಲಾಮರನ್ನಿಟ್ಟುಕೊಂಡವರು, ಟೆಕ್ಸಾಸ್ ಸೇರಿಸಿಕೊಳ್ಳಲೇಬೇಕು ಅಂತ ಹೊರಟವರು. ಸೋತ ಕ್ಲೇ ಹತ್ತಿರವೂ ಗುಲಾಮರಿದ್ದರು ಅನ್ನೋದನ್ನು ಬರ್ನಿಯನ್ನು ಬೈಯುವವರು ಮೆತ್ತಗೆ ಮರೆಯುತ್ತಾರೆ. ಎರಡು ಮನೆಯಲ್ಲೂ ಹಳಸಿದ ಅನ್ನ ಬಡಿಸಿ, ಮೂರನೇ ಮನೆಗೆ ಯಾಕೆ ಹೋದೆ ಅಂದ ಹಾಗೆ.

ಇಷ್ಟು ಅಪಾಯಕಾರಿ ಜನರಾದ್ದರಿಂದ ಕಾವಲೂ ಬಿಗಿ. 2000ದಲ್ಲಿ ಬಾಸ್ಟನ್‌ನಲ್ಲಿ ನಡೆದ ಅಧ್ಯಕ್ಷ ಅಭ್ಯರ್ಥಿಗಳ ಟಿವಿ ಚರ್ಚೆಯಲ್ಲಿ ನೇಡರ್‌ಗೆ ವೇದಿಕೆ ಸಿಗಲಿಲ್ಲ. ಪಕ್ಕದ ಹಾಲ್‌ನಲ್ಲಿ ಕೂತು ಟಿವಿಯಲ್ಲಿ ನೋಡೋದಕ್ಕೆ ಅಂತ ಟಿಕೆಟ್ ಹಿಡಿದು ಹೋದರು. ಬಾಗಿಲಲ್ಲೇ ವಾಪಸ್ ಕಳಿಸಿದರು. 2012ರಲ್ಲಿ ಗ್ರೀನ್ ಪಕ್ಷದ ಅಭ್ಯರ್ಥಿ ಜಿಲ್ ಸ್ಟೈನ್ ಚರ್ಚೆ ನಡೆಯೋ ವಿಶ್ವವಿದ್ಯಾಲಯಕ್ಕೆ ನುಗ್ಗೋದಕ್ಕೆ ಹೋಗಿ ಅರೆಸ್ಟಾದರು. ಕೈಗೆ ಬೇಡಿ ಹಾಕಿ ಕುರ್ಚಿಗೆ ಕಟ್ಟಿ ಸುಮಾರು ಎಂಟು ಗಂಟೆ ಕೂರಿಸಿದ್ದರು. ಅಧ್ಯಕ್ಷರ ಕುರ್ಚಿ ಕೇಳಿದ್ದಕ್ಕೆ ಕುರ್ಚಿಯಂತೂ ಸಿಕ್ಕಿತು.

ಆದರೆ ಇದೇ ಕಳ್ಳರು ಪಕ್ಕದ ಮನೆಗೆ ಕನ್ನ ಹಾಕುವುದಾದರೆ ಏಣಿ ನಾವೇ ಕೊಡುತ್ತೇವೆ. 2004ರಲ್ಲಿ ಮಿಷಿಗನ್‌ನಲ್ಲಿ ನೇಡರ್ ಹೆಸರು ಬ್ಯಾಲೆಟ್‌ಗೆ ಬರಲಿ ಅಂತ 40 ಸಾವಿರಕ್ಕೂ ಹೆಚ್ಚು ಸಹಿ ತಂದುಕೊಟ್ಟದ್ದು ರಿಪಬ್ಲಿಕನ್ನರು. ಎಂಥ ದೊಡ್ಡ ಮನಸ್ಸು! 2020ರಲ್ಲಿ ಗಾಯಕ ಕಾನ್ಯೆ ವೆಸ್ಟ್ ಬರ್ತ್‌ಡೇ ಪಾರ್ಟಿ ಅನ್ನೋ ಹೆಸರಲ್ಲಿ ನಿಂತಾಗಲೂ ವಿಸ್ಕಾನ್ಸಿನ್‌ನಲ್ಲಿ ಕಾಗದಪತ್ರ ಸಲ್ಲಿಸಿದ್ದು ರಿಪಬ್ಲಿಕನ್ನರ ನಂಟಿನ ವಕೀಲರು. ಕೊನೇ ಗಡುವು ಸಂಜೆ 5 ಗಂಟೆ. ಅವರು ಕೆಲವು ಸೆಕೆಂಡ್ ತಡ. ಆಮೇಲಿನ ವಾದ ಕೇಳಿ: 5 ಗಂಟೆ ಅಂದರೆ 5 ಗಂಟೆ 59 ಸೆಕೆಂಡ್‌ವರೆಗೂ 5 ಗಂಟೆಯೇ! ನಮ್ಮಲ್ಲಿ ರಾಹುಕಾಲ ನೋಡಿ ನಾಮಪತ್ರ ಕೊಡೋ ಅಭ್ಯರ್ಥಿಗಳಿಗೂ ಈ ಐಡಿಯಾ ಹೊಳೆದಿರಲಿಲ್ಲ. ಚುನಾವಣಾ ಆಯೋಗ ಒಪ್ಪಲಿಲ್ಲ, ಬಿಡಿ.

ಡೆಮಾಕ್ರಟಿಕ್ ಪಕ್ಷದ ಕೆಲಸ ಉಲ್ಟಾ, ಹೆಸರು ತೆಗೆಸೋದು. 2024ರಲ್ಲಿ ನೆವಾಡಾದಲ್ಲಿ ಗ್ರೀನ್ ಪಕ್ಷದವರು ಸಹಿ ಸಂಗ್ರಹಿಸಿದ ಫಾರಂ ತಪ್ಪು ಅಂತ ಕೋರ್ಟಿಗೆ ಹೋದರು. ಫಾರಂ ತಪ್ಪೇ. ಆದರೆ ಆ ತಪ್ಪು ಫಾರಂ ಕಳಿಸಿಕೊಟ್ಟದ್ದು ಸರ್ಕಾರಿ ಕಚೇರಿಯೇ! ಆದರೂ ರಾಜ್ಯದ ಸುಪ್ರೀಂ ಕೋರ್ಟ್ ಹೆಸರು ತೆಗೆಯಿರಿ ಅಂತು. ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಯಾವ ಕನ್ನಡಿಗನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮಜಾ ಅದೇ ವರ್ಷ ಮೂರನೆಯವರಾಗಿ ನಿಂತ ರಾಬರ್ಟ್ ಕೆನಡಿ ಜೂನಿಯರ್ ಅವರದು. ವರ್ಷಪೂರ್ತಿ ಒಂದೊಂದು ರಾಜ್ಯದಲ್ಲೂ ಬ್ಯಾಲೆಟ್‌ಗೆ ಹೆಸರು ಸೇರಿಸಿ ಅಂತ ಹೋರಾಡಿದರು. ಆಗಸ್ಟ್‌ನಲ್ಲಿ ಟ್ರಂಪ್‌ಗೆ ಬೆಂಬಲ ಅಂದರು. ಆಮೇಲೆ ಟ್ರಂಪ್ ಓಟು ಒಡೆಯಬಾರದು ಅಂತ, ಬಿಗಿ ಸ್ಪರ್ಧೆಯ ರಾಜ್ಯಗಳಲ್ಲಿ ಹೆಸರು ತೆಗೆಯಿರಿ ಅಂತ ಕೋರ್ಟಿಗೆ ಹೋದರು. ನ್ಯೂಯಾರ್ಕ್‌ನಲ್ಲಿ ಮಾತ್ರ ಸೇರಿಸಿ ಅಂತ ಕೇಸು! ದೇಶದ ಸುಪ್ರೀಂ ಕೋರ್ಟ್ ನ್ಯೂಯಾರ್ಕ್‌ಗೆ ಸೇರಿಸಲ್ಲ ಅಂತು, ಮಿಷಿಗನ್, ವಿಸ್ಕಾನ್ಸಿನ್‌ನಿಂದ ತೆಗೆಯಲ್ಲ ಅಂತು. ಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಇದ್ದಾರೆ.

ನಮ್ಮಕ್ಕ ಇರೋದು ಅದೇ ಮಿಷಿಗನ್‌ನಲ್ಲಿ. ಅಕ್ಟೋಬರ್‌ನಲ್ಲಿ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಭಾವ ಊಟದ ಮೇಜಿನ ಮೇಲೆ ಅಂಚೆಯಲ್ಲಿ ಬಂದ ಬ್ಯಾಲೆಟ್ ಹರಡಿಕೊಂಡು, ಅದು ಮಡಚದ ಹಾಗೆ ಒಂದು ತುದಿಗೆ ಮಜ್ಜಿಗೆ ಲೋಟ ಇಟ್ಟು, ಕಪ್ಪು ಪೆನ್ನು ಹಿಡಿದು ಕೂತಿದ್ದರು. ಅಕ್ಕ ಹಿಂದಿನಿಂದ ನೋಡುತ್ತಾ ನಿಂತಿದ್ದಳು. ಅವಳು ಕಟ್ಟಾ ಡೆಮಾಕ್ರಟ್.

"ಇಲ್ಲಿ ನೋಡಯ್ಯ, ಕೆನಡಿ ಹೆಸರು ಇನ್ನೂ ಇದೆ. ಯಾವ ಪಕ್ಷ ಗೊತ್ತಾ? ನ್ಯಾಚುರಲ್ ಲಾ! ನಮ್ಮ ಮಹೇಶ ಯೋಗಿಗಳದು" ಅಂದರು ಭಾವ.

"ಅವರು ಹಿಂದೆ ಸರಿದಿದ್ದಾರಲ್ವಾ ಭಾವ?"

"ಅದಕ್ಕೇ. ನನಗೆ ಓಟು ಹಾಕಬೇಡಿ ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋಗಿರೋ ರಾಜಕಾರಣಿ ನಾನು ಬೇರೆ ಯಾರನ್ನೂ ನೋಡಿಲ್ಲ. ಇವರಿಗೇ ಹಾಕೋಣ ಅಂತಿದ್ದೀನಿ."

ಅಕ್ಕ ಲೋಟ ಎತ್ತಿಕೊಂಡಳು. ಬ್ಯಾಲೆಟ್ ಮುದುರಿತು. ಕಾಲ್ ಕಟ್ಟಾಯಿತು.

ಇದಕ್ಕೆ ಮದ್ದು ಇಲ್ಲದೇ ಇಲ್ಲ. ಮೊದಲ ಆಯ್ಕೆ ಇವರು, ಅವರು ಸೋತರೆ ನನ್ನ ಓಟು ಇಂಥವರಿಗೆ ಅಂತ ನಂಬರ್ ಹಾಕೋ ಪದ್ಧತಿ ಮೇನ್ ರಾಜ್ಯದಲ್ಲಿ, ಅಲಾಸ್ಕಾದಲ್ಲಿ ಇದೆ. ಆಗ ಯಾರೂ ಯಾರ ಓಟೂ ಕದ್ದ ಹಾಗಾಗಲ್ಲ. ಆದರೆ 537ರ ಊರು ಫ್ಲಾರಿಡಾ 2022ರಲ್ಲಿ ಇದಕ್ಕೆ ಏನು ಮಾಡಿತು ಅಂದುಕೊಂಡಿರಿ? ಕಾನೂನು ತಂದು ನಿಷೇಧಿಸಿತು. 2024ರಲ್ಲಿ ಮಿಸೌರಿಯೂ ಬೇಡ ಅಂತು. ನೆವಾಡಾ, ಕೊಲೊರಾಡೊ, ಒರೆಗಾನ್, ಇಡಾಹೊ ಜನರೂ ಒಪ್ಪಲಿಲ್ಲ. ಕಳ್ಳನೇ ಇಲ್ಲದ ಊರಲ್ಲಿ, ಸೋತ ದಿನ ಯಾರನ್ನು ಅಂತ ಬೈಯೋದು?

ಫಲಿತಾಂಶ ಬಂತು. ಮಿಷಿಗನ್‌ನಲ್ಲಿ ಟ್ರಂಪ್ ಸುಮಾರು 80 ಸಾವಿರದಿಂದ ಗೆದ್ದರು. ಹಿಂದೆ ಸರಿದ ಕೆನಡಿಗೂ 26 ಸಾವಿರಕ್ಕೂ ಹೆಚ್ಚು ಓಟು. ಭಾವ ಕೊನೆಗೆ ಯಾರಿಗೆ ಹಾಕಿದರೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಆದರೆ ಅಕ್ಕನ ಮನೆಯಲ್ಲಿ ತೀರ್ಪು ಆಗಿಹೋಗಿದೆ. ಜಿಲ್ ಸ್ಟೈನ್ ಓಟು, ಕೆನಡಿ ಓಟು ಎರಡೂ ಕೂಡಿದರೂ 80 ಸಾವಿರ ದಾಟಲ್ಲ, ಭಾವ ಒಬ್ಬರೇ ಹೇಗೆ ಸೋಲಿಸೋಕಾಗುತ್ತೆ ಅಂತ ಲೆಕ್ಕ ಬಿಡಿಸಿ ಹೇಳಿದೆ.

"ನಿಂಗೆ ನಿಮ್ಮ ಭಾವ ಗೊತ್ತಿಲ್ಲ ಕಣೋ" ಅಂದಳು.