ಅರ್ಧ ಮುಳುಗಿದ ಚೆಂಡನ್ನ ಹೊಡೀಲಿಕ್ಕೂ ಕಲಿಸ್ರಿ

ಗಾಲ್ಫಲ್ಲಿ ಚೆಂಡು ನೀರಿನ ಅಂಚಿಗೆ ಬಿತ್ತು ಅಂದ್ರೆ ಹೆಚ್ಚಿನವ್ರು ಹತ್ರ ಹೋಗಿ ನೋಡೋದೂ ಇಲ್ಲ, ಜೇಬಿಂದ ಬೇರೆ ಚೆಂಡು ತೆಗೆದು ನೀರಿನ ಹೊರಗೆ ಡ್ರಾಪ್ ಮಾಡಿ (ಕೈಯಿಂದ ಬೀಳಿಸಿ) ಒಂದು ಪೆನಾಲ್ಟಿ, ಅಂದ್ರೆ ದಂಡದ ಒಂದು ಹೊಡೆತ, ಬರ್ಕೊಂಡು ಮುಂದೆ ನಡೀತಾರೆ. ಡ್ರಾಪ್ ತಗೊಳ್ಳೋದು ತಪ್ಪಲ್ಲ, ರೂಲ್ಸೇ ಕೊಟ್ಟ ದಾರಿ ಅದು. ಆದ್ರೆ ಅಲ್ಲಿಂದ್ಲೂ ಹೊಡೀಬಹುದು ಅಂತ ಹೊಸಬ್ರಿಗೆ ಕಲಿಸೋರೇ ಕಮ್ಮಿ, ನಾಲ್ಕು ತಿಂಗಳು ಮಳೆ ಸುರಿಯೋ ನಮ್ ಕರಾವಳಿ ಕಡೆ ಹುಡುಗ್ರಿಗೆ ಇದನ್ನ ಮೊದ್ಲು ಕಲಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಎಷ್ಟೋ ಜನ ಹಳೇ ರೂಲ್ಸಲ್ಲೇ ಇದಾರೆ. ನೀರಲ್ಲಿ ನಿಂತಾಗ ಹೊಡೆಯೋ ಮೊದ್ಲು ಕ್ಲಬ್ಬು (ಹೊಡೆಯೋ ಕೋಲು) ನೀರಿಗೋ ನೆಲಕ್ಕೋ ತಾಗಿದ್ರೆ ಪೆನಾಲ್ಟಿ ಅಂತ ಇತ್ತಲ್ಲ, ಅದು 2019ರಲ್ಲೇ ಹೋಯ್ತು. ವಾಟರ್ ಹಜಾರ್ಡ್ ಅನ್ನೋ ಹೆಸರೂ ಹೋಗಿ ಪೆನಾಲ್ಟಿ ಏರಿಯಾ ಆಯ್ತು. ಈಗ ಕ್ಲಬ್ಬು ಊರಬಹುದು, ಎಲೆ ಕಡ್ಡಿ ತೆಗೀಬಹುದು, ಚೆಂಡು ಮಾತ್ರ ಅಲ್ಲಾಡಬಾರ್ದು, ಹಿಂದಿನ ಹುಲ್ಲು ಒತ್ತಿ ಜಾಗ ಸರಿ ಮಾಡ್ಕೋಬಾರ್ದು. ಹರಿಯೋ ನೀರಲ್ಲಿ ಚೆಂಡು ತೇಲಿ ಹೋಗ್ತಾ ಇದ್ರೂ ಹಾಗೇ ಹೊಡೀಬಹುದು, ಇದು ಗೊತ್ತಿರೋರು ಇನ್ನೂ ಕಮ್ಮಿ.

ಹೊಡೀಲಿಕ್ಕೆ ಆಗ್ತದಾ ಅಂತ ಕೇಳೋರು 2011ರ ಟೂರ್ ಚಾಂಪಿಯನ್‌ಶಿಪ್ ವಿಡಿಯೋ ನೋಡಿ. ಅಮೆರಿಕದ ಈಸ್ಟ್ ಲೇಕ್ ಮೈದಾನ, ಸ್ಕೋರ್ ಸಮ ಆಗಿ ಪ್ಲೇಆಫು, 17ನೇ ಹೋಲು, ಅಲ್ಲಿನ ಆಟಗಾರ ಬಿಲ್ ಹಾಸ್ ಚೆಂಡು ಕೆರೆ ಅಂಚಲ್ಲಿ ಅರ್ಧ ಮುಳುಗಿ ಕೂತಿದೆ. ಆತ ಒಂದು ಕಾಲು ನೀರಿಗಿಟ್ಟು ಬಂಕರಿಂದ, ಅಂದ್ರೆ ಮರಳು ಹೊಂಡದಿಂದ, ಹೊಡೆದ ಹಾಗೇ ಹೊಡೆದ, ನೀರು ಚಿಮ್ಮಿ ಚೆಂಡು ಹೋಲ್ ಹತ್ರ ಹೋಗಿ ನಿಂತಿತು, ಪಾರ್ (ಆ ಹೋಲಿಗೆ ನಿಗದಿ ಆದ ಹೊಡೆತದ ಲೆಕ್ಕ) ಉಳೀತು, ಮುಂದಿನ ಹೋಲಲ್ಲಿ ಗೆದ್ದ, ಜತೆಗೆ ಇಡೀ ಸೀಸನ್ನಿನ ಫೆಡೆಕ್ಸ್ ಕಪ್ಪಿನ ಒಂದು ಕೋಟಿ ಡಾಲರ್ ಬೋನಸ್ಸು. ಇನ್ನೊಂದು ಕಡೆ 1999ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಬ್ರಿಟಿಷ್ ಓಪನ್. ಫ್ರಾನ್ಸಿನ ವಾನ್ ಡಿ ವೆಲ್ಡೆ ಕೊನೇ ಹೋಲಿಗೆ ಮೂರು ಸ್ಟ್ರೋಕ್ ಮುಂದಿದ್ದ, ಶೂ ಬಿಚ್ಚಿ ಪ್ಯಾಂಟು ಮಡಚಿ ಬ್ಯಾರಿ ಬರ್ನ್ ಹಳ್ಳಕ್ಕೆ ಇಳಿದ, ನಿಂತು ನೋಡಿ ಕೊನೆಗೆ ಡ್ರಾಪೇ ತಗೊಂಡ. ಆ ಹೋಲಿಗೆ 7 ಆಯ್ತು, ಪ್ಲೇಆಫಲ್ಲಿ ಪಾಲ್ ಲಾರಿ ಗೆದ್ದ. ಜನ ಈಗ್ಲೂ ನಗ್ತಾರೆ. ನನಗೆ ಮಾತ್ರ ಅವನು ನೀರಿಗಿಳಿದು ನೋಡಿ ಆಮೇಲೆ ಬೇಡ ಅಂದಿದ್ದು ಸರಿಯಾದ ನಿರ್ಧಾರ ಅಂತ್ಲೇ ಅನಿಸೋದು, ಆ ಹೋಲು ಕೆಟ್ಟಿದ್ದು ಅದಕ್ಕಿಂತ ಮೊದ್ಲೇ.

ಲೆಕ್ಕ ಇಷ್ಟೇ. ಚೆಂಡು ಅರ್ಧವಾದ್ರೂ ಮೇಲೆ ಕಂಡ್ರೆ ಹೊಡೀರಿ, ಪೂರ್ತಿ ಮುಳುಗಿದ್ರೆ ಬಿಟ್ಬಿಡಿ. ನೀರೊಳಗಿನ ಚೆಂಡು ಇರೋದಕ್ಕಿಂತ ಮೇಲೆ ಇದ್ದ ಹಾಗೆ ಕಾಣ್ತದೆ, ಕಣ್ಣು ನಂಬಿ ಹೊಡೆದ್ರೆ ಕ್ಲಬ್ಬು ಚೆಂಡಿನ ತಲೆ ಮೇಲೆ ಹೋಗ್ತದೆ. ವೆಜ್ ಅಂದ್ರೆ ಚೆಂಡನ್ನ ಮೇಲಕ್ಕೆ ಎತ್ತೋ ಕ್ಲಬ್ಬು. ಮರಳಿಗೆ ಅಂತ ಇರೋ ಸ್ಯಾಂಡ್ ವೆಜ್ಜಿನ ಅಗಲ ತಳ ನೀರಿನ ಮೇಲೆ ಜಾರ್ತದೆ, ಅದಕ್ಕೇ ಪಿಚಿಂಗ್ ವೆಜ್ ತಗೊಂಡು ಮುಂದಿನ ಅಂಚು ನೀರು ಕೊಯ್ಯೋ ಹಾಗೆ ಚೆಂಡಿನ ಸ್ವಲ್ಪ ಹಿಂದೆ ಮೇಲಿಂದ ಜೋರಾಗಿ ಇಳಿಸಬೇಕು. ದೂರದ ಆಸೆ ಬೇಡ, ಹೊರಗೆ ಬಂದ್ರೆ ಸಾಕು.

ಕೆಸರಿನ ವಿಷಯಕ್ಕೆ ಬಂದ್ರೆ ಕಾಲೇ ಮುಖ್ಯ. ಪಾದ ಹೂತಷ್ಟೂ ನೀವು ಗಿಡ್ಡ ಆಗ್ತೀರಿ, ಕ್ಲಬ್ಬು ಚೆಂಡಿಗಿಂತ ಮೊದ್ಲು ನೆಲಕ್ಕೆ ಬಡೀತದೆ, ಹಾಗಾಗಿ ಹೂತಷ್ಟೇ ಗ್ರಿಪ್ ಕೆಳಗೆ ಹಿಡೀಬೇಕು. ಅಘನಾಶಿನಿ ನದಿಯಲ್ಲಿ ನೀರು ಇಳಿದಾಗ ಬಳಚು (ಚಿಪ್ಪಿಮೀನು) ಹೆಕ್ಕೋ ಹೆಂಗಸ್ರನ್ನ ನೋಡಿದೀರಾ, ಹೆಬ್ಬೆರಳಲ್ಲಿ ತಡಕಿ ಗಟ್ಟಿ ಸಿಕ್ಕಿದ್ಮೇಲೇ ಮೈ ಭಾರ ಬಿಡ್ತಾರೆ, ಬಗ್ಗಿ ಕೈ ಹಾಕುವಾಗ ಸೊಂಟದಿಂದ ಕೆಳಗೆ ಒಂಚೂರೂ ಅಲ್ಲಾಡೋದಿಲ್ಲ. ಕೋಚುಗಳು ಹೇಳೋದೂ ಅದನ್ನೇ. ಹೋದ ಮಳೆಗಾಲ ಮಿರ್ಜಾನ್ ಹತ್ರ ನಮ್ಮ ಗಜನಿ (ಹೊಳೆಯ ಉಪ್ಪುನೀರು ನುಗ್ಗೋ) ಗದ್ದೆಯಲ್ಲಿ ಅಕ್ಕನ ಮಗನ ಕೈಗೆ ವೆಜ್ ಕೊಟ್ಟೆ. ಹುಡುಗ ಒಂದು ಸಲ ಕಾಲು ಹೂತು ನಿಂತು ನೋಡಿ "ಮಾಮಾ, ಕಾಲು ಅಲ್ಲಾಡ್ಸೂದೇ ಬೇಡ ಅಲಾ, ಕೈಯಷ್ಟೇ ಸಾಕು" ಅಂದ. ಯಾರೂ ಹೇಳಿಕೊಟ್ಟಿರ್ಲಿಲ್ಲ ಅವನಿಗೆ.

ಚೆಂಡಿಗೆ ಮಣ್ಣು ಮೆತ್ತಿದಾಗ ಇನ್ನೊಂದು ಪಜೀತಿ. ಮಣ್ಣು ಎಡಕ್ಕಿದ್ರೆ ಚೆಂಡು ಬಲಕ್ಕೆ ತಿರುಗ್ತದೆ, ಬಲಕ್ಕಿದ್ರೆ ಎಡಕ್ಕೆ. ಫೇರ್‌ವೇಯಲ್ಲಿ (ಹುಲ್ಲು ಕತ್ತರಿಸಿದ ನಡುದಾರಿಯಲ್ಲಿ) ಸುಮ್ನೆ ಎತ್ತಿ ಒರೆಸೋ ಹಾಗಿಲ್ಲ. ಚೆಂಡು ತನ್ನದೇ ಹೊಂಡದಲ್ಲಿ ಹೂತಿದ್ರೆ ಎತ್ತಿ ಒರೆಸಿ ಪೆನಾಲ್ಟಿ ಇಲ್ದೆ ಡ್ರಾಪ್ ಮಾಡಬಹುದು, ಆದ್ರೆ ಕೆಂಪು ಹಳದಿ ಗೂಟದ ಒಳಗೆ, ಅಂದ್ರೆ ಪೆನಾಲ್ಟಿ ಏರಿಯಾದಲ್ಲಿ, ಆ ಸವಲತ್ತಿಲ್ಲ. ಮಳೆಗಾಲದಲ್ಲಿ ಗಾಲ್ಫ್ ಕ್ಲಬ್ಬಿನವ್ರು ಎತ್ತಿ ಒರೆಸಿ ಇಡೋ ಲೋಕಲ್ ರೂಲ್ ಹಾಕ್ತಾರೆ, ಟೂರ್ನಮೆಂಟಿಗೆ ಅದು ನ್ಯಾಯವೇ, ಆದ್ರೆ ಪ್ರಾಕ್ಟೀಸಿಗೂ ಅದೇ ಹಾಕ್ಕೊಂಡ್ರೆ ಹುಡುಗ್ರು ಮಣ್ಣಿನ ಚೆಂಡು ಎತ್ಲಾಗೆ ಹೋಗ್ತದೆ ಅಂತ ಯಾವಾಗ ಕಲೀತಾರೆ ಮಾರಾಯ್ರೆ?

ಇದು ದುಡ್ಡಿದ್ದವ್ರ ಆಟ, ಗದ್ದೆ ಹುಡುಗ್ರಿಗೆ ಯಾಕೆ ಅಂತ ಊರಲ್ಲಿ ಕೇಳ್ತಾರೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಬೇರೆಯವ್ರ ಬ್ಯಾಗು ಹೊತ್ತು ಬಂದವ್ರು. ನಮ್ಮ ಕರಾವಳಿ ಹುಡುಗ್ರಿಗೆ ಕೆಸರಲ್ಲಿ ನಿಲ್ಲೋದು ಹುಟ್ಟಿದಾಗಿಂದ ಗೊತ್ತು, ಕೈಗೊಂದು ಕ್ಲಬ್ಬು ಸಿಕ್ಕಿಲ್ಲ ಅಷ್ಟೇ.

ಕಾರವಾರ, ಅಂಕೋಲಾ, ಕುಮಟಾ ಕಡೆಯವ್ರ ಹತ್ರ ಹಳೇ ಪಿಚಿಂಗ್ ವೆಜ್ ಸುಮ್ನೆ ಬಿದ್ದಿದ್ರೆ ಇನ್‌ಬಾಕ್ಸಿಗೆ ಬನ್ನಿ, ತುಕ್ಕು ಹಿಡಿದಿದ್ರೂ ನಡೀತದೆ, ಗ್ರಿಪ್ ನಾನೇ ಹಾಕಿಸ್ತೇನೆ. ಅಕ್ಕನ ಮಗನ ದೋಸ್ತರು ನಾಲ್ಕೈದು ಜನ ಕಾಯ್ತಾ ಇದಾರೆ.