ಮಾತು ತಪ್ಪುವುದು ಯಾರ ಹತ್ತಿರ?

ಮಾತು ತಪ್ಪುವವರನ್ನು ಸ್ವಲ್ಪ ಗಮನಿಸಿ ನೋಡಿ. ಅವರು ಎಲ್ಲರ ಹತ್ತಿರವೂ ತಪ್ಪುವುದಿಲ್ಲ. ಮೇಲಧಿಕಾರಿಗೆ ಒಪ್ಪಿಕೊಂಡ ಕೆಲಸ ನಿದ್ದೆಗೆಟ್ಟಾದರೂ ಮುಗಿಯುತ್ತದೆ. ಮಗುವಿಗೆ 'ಭಾನುವಾರ ಕರ್ಕೊಂಡು ಹೋಗ್ತೀನಿ' ಅಂದದ್ದು ಮಾತ್ರ ಮುಂದಿನ ಭಾನುವಾರಕ್ಕೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಕೈಕೆಳಗಿನ ಹುಡುಗನಿಗೆ 'ನಿನ್ನ ರಜೆ ವಿಷಯ ಮಾತಾಡ್ತೀನಿ' ಅಂದದ್ದು ಅಷ್ಟಕ್ಕೇ ಮುಗಿಯಿತು. ಕೇಳಿದರೆ, 'ಅಯ್ಯೋ, ಮರೆತೇ ಹೋಯ್ತು!' ಈ ಮರೆವು ಬಹಳ ಜಾಣ. ಯಾರು ತಿರುಗಿ ಕೇಳಲಾರರೋ ಅವರ ವಿಷಯದಲ್ಲೇ ಬರುತ್ತದೆ.

ಅದಕ್ಕೇ ನನಗೆ ಮಾತು ಉಳಿಸಿಕೊಳ್ಳುವುದು ಬೇರೆ, ಗೌರವ ಕೊಡುವುದು ಬೇರೆ ಅನ್ನಿಸುವುದಿಲ್ಲ. ಎದುರಿಗೆ ಸಿಕ್ಕಾಗ ನಗುತ್ತಾ ಮಾತಾಡಿಸುವುದು ಯಾರಿಗೂ ಕಷ್ಟವಲ್ಲ. ಆದರೆ ನಮ್ಮ ಮಾತು ನಂಬಿ ಒಬ್ಬರು ಬೇರೆ ಕೆಲಸ ಬಿಟ್ಟಿರುತ್ತಾರೆ, ಇನ್ಯಾರದೋ ಸಹಾಯ ಬೇಡ ಅಂದಿರುತ್ತಾರೆ. ಅದು ನಮ್ಮ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ತೀರಿಸಲಾಗದು ಎಂದು ಗೊತ್ತಿದ್ದೂ 'ವಾಪಸ್ ಕೊಡ್ತೀನಿ' ಎಂದು ಸಾಲ ಕೇಳುವವನ ಉದಾಹರಣೆಯನ್ನು ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲೇ ಕೊಟ್ಟಿದ್ದರು. ಎದುರಿನವರನ್ನು ಮನುಷ್ಯರೆಂದು ಕಾಣದೆ ಬರೀ ಸಾಧನವಾಗಿ ಬಳಸಿದಂತಾಯಿತು ಅನ್ನುವುದು ಅವರ ಆಕ್ಷೇಪ.

ನಮ್ಮಲ್ಲಿ ಜಾಸ್ತಿ ಜನ ಮೋಸ ಮಾಡಲೆಂದೇ ಮಾತು ಕೊಡುವುದಿಲ್ಲ, ನಿಜ. ಆ ಹೊತ್ತಿಗೆ 'ಆಗುತ್ತೆ' ಅಂತಲೇ ಅನ್ನಿಸಿರುತ್ತದೆ. ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಮ್ಮ ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದು ವಿದ್ಯಾರ್ಥಿಗಳನ್ನು ಕೇಳಿದ್ದರು. ಬಂದ ಉತ್ತರ ಸರಾಸರಿ 34 ದಿನ. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಹಾಗಾಗಿ 'ನಾಳೆ ಕೊಡ್ತೀನಿ' ಅನ್ನುವ ಮುಂಚೆ ಹೋದ ಸಲ ಎಷ್ಟು ದಿನ ಹಿಡಿದಿತ್ತು ಅಂತ ಒಮ್ಮೆ ನೆನಪಿಸಿಕೊಳ್ಳಬೇಕು. ಉತ್ಸಾಹವನ್ನು ನಂಬಿ ದಿನ ಹೇಳಬಾರದು.

ಇನ್ನು ಆ 'ನೋಡೋಣ' ಅನ್ನುವ ಮಾತು. ಆಗಲ್ಲ ಅಂತ ಖಚಿತವಾಗಿ ಗೊತ್ತಿದ್ದರೂ 'ನೋಡೋಣ' ಅನ್ನುತ್ತೇವೆ. ಅವರಿಗೆ ಬೇಜಾರಾಗದಿರಲಿ ಅಂತ ಸಮಜಾಯಿಷಿ. ಅವರ ಬೇಜಾರಿನ ಚಿಂತೆಯಲ್ಲ ಅದು, ನಮ್ಮ ಒಳ್ಳೆಯ ಹೆಸರಿನದ್ದು ಅಲ್ವಾ? 'ಆಗಲ್ಲ' ಅಂದುಬಿಟ್ಟರೆ ಅವರು ಅವತ್ತೇ ಬೇರೆ ದಾರಿ ನೋಡಿಕೊಳ್ಳುತ್ತಾರೆ.

ಕಾಯಿಲೆ, ಹಣದ ತೊಂದರೆ ಯಾರಿಗಾದರೂ ಬರಬಹುದು. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಫೋನ್ ಎತ್ತದೆ ಸುಮ್ನೆ ಮಾಯವಾಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದಿನ ದಿನವೇ ಒಂದು ಮಾತು ಹೇಳಿದರೆ ಕಾಯುವವರ ಆ ದಿನವಾದರೂ ಉಳಿಯುತ್ತದೆ. ಗಡುವು ದಾಟಿ, ಅವರೇ ಕೇಳಿದ ಮೇಲೆ ಹೇಳುವ ಕಾರಣ ನಿಜವಾಗಿದ್ದರೂ ನೆಪದ ಹಾಗೇ ಕೇಳಿಸುತ್ತದೆ.