ಫುಟ್‌ಪಾತ್ ಮೇಲೆ ಹಾರ್ನ್ ಹೊಡೆದವನಿಗೆ

ಇವತ್ತು ಬೆಳಗ್ಗೆ 8.30ಕ್ಕೆ ಫುಟ್‌ಪಾತ್ ಮೇಲೆ ನಡೆದು ಹೋಗ್ತಿದ್ದೆ. ಹಿಂದಿನಿಂದ ಪೀಂ ಪೀಂ. ರಸ್ತೆಯಲ್ಲಿ ಯಾರಿಗೋ ಇರಬೇಕು ಅಂದುಕೊಂಡೆ. ಅಲ್ಲ, ನನಗೇ! ತಿರುಗಿ ನೋಡಿದರೆ ಒಬ್ಬ ಮಹಾನುಭಾವ ಸ್ಕೂಟರನ್ನೇ ಮೇಲೆ ಹತ್ತಿಸಿಕೊಂಡು ಬಂದಿದ್ದಾನೆ. ಹಿಂದೆ ಸ್ಕೂಲ್ ಬ್ಯಾಗ್ ಹಾಕಿಕೊಂಡ ಮಗು. "ಸ್ವಲ್ಪ ಸೈಡ್ ಕೊಡಿ ಸಾರ್, ಸ್ಕೂಲಿಗೆ ಲೇಟಾಯ್ತು" ಅಂದ. ಎಲ್ಲಿಗೆ ಸೈಡ್ ಕೊಡಲಿ? ಎಡಕ್ಕೆ ಕಾಂಪೌಂಡು, ಬಲಕ್ಕೆ ಟ್ರಾನ್ಸ್‌ಫಾರ್ಮರ್. ಕೊನೆಗೆ ನಾನೇ ರಸ್ತೆಗೆ ಇಳಿದೆ. ಗಾಡಿ ಫುಟ್‌ಪಾತ್ ಮೇಲೆ, ಮನುಷ್ಯ ರಸ್ತೆ ಮೇಲೆ. ಹೋಗ್ತಾ ಆ ಮಗು ಟಾಟಾ ಮಾಡಿತು. ನಾನೂ ಮಾಡಿದೆ, ಮಾನ ಇಲ್ಲದವನ ಹಾಗೆ.

ನನ್ನ ಹತ್ತಿರ ಕಾರಿಲ್ಲ ಅಂತ ನಿಮಗೆಲ್ಲ ಗೊತ್ತು. ಬೈಕು ಮಾರಿಯೂ ವರ್ಷಗಳಾದವು. ಮದುವೆಗೆ ಹೋದರೆ ಊಟಕ್ಕೆ ಮುಂಚೆ ಅದೇ ಪ್ರಶ್ನೆ, "ಹೇಗೆ ಬಂದ್ರಿ?" ಬಸ್ಸಲ್ಲಿ ಅಂದರೆ "ಅಯ್ಯೋ" ಅಂತಾರೆ, ನನಗೆ ಕೆಲಸ ಹೋಯ್ತೇನೋ ಅನ್ನೋ ಹಾಗೆ. ಅವರೋ ಛತ್ರದ ಸುತ್ತ ಅರ್ಧ ಗಂಟೆ ಜಾಗ ಹುಡುಕಿ, ಯಾರದೋ ಗೇಟಿನ ಪಕ್ಕ ಎರಡು ಚಕ್ರ ಫುಟ್‌ಪಾತಿಗೆ ಹತ್ತಿಸಿ ಬಂದಿರ್ತಾರೆ. ಅಯ್ಯೋ ಅನ್ನಬೇಕಾದವನು ನಾನು, ಅಲ್ವಾ?

ಮೆಟ್ರೋ ಬಗ್ಗೆ ನನ್ನ ತಕರಾರಿಲ್ಲ. 2025ರ ಆಗಸ್ಟಲ್ಲಿ ಹಳದಿ ಲೈನ್ ಶುರುವಾದ ಮೇಲೆ ಆರ್.ವಿ. ರೋಡಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋದು ಸಲೀಸು. ಕೆಳಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡವರನ್ನು ಮೇಲಿಂದ ನೋಡ್ತಾ ಹೋಗುವ ಸುಖ ಕಾರಿನವರಿಗೆ ಎಲ್ಲಿ ಬರಬೇಕು. ಕಷ್ಟ ಶುರುವಾಗೋದು ಸ್ಟೇಷನ್ ಮೆಟ್ಟಿಲು ಇಳಿದ ಮೇಲೆ. ಹತ್ತು ಹೆಜ್ಜೆ ಚಪ್ಪಡಿ ಕಲ್ಲು, ಆಮೇಲೆ ಯಾರದೋ ಮನೆ ಕಾರು ಇಳಿಯೋ ಇಳಿಜಾರು, ಆಮೇಲೆ ಕೇಬಲ್ ಸುರುಳಿ, ಅದು ದಾಟಿದರೆ ಎಂ ಸ್ಯಾಂಡ್ ರಾಶಿ. ನಮ್ಮ ಬೇಕರಿ ದಾಟಿದ ಮೇಲೆ ಮೂರನೇ ಚಪ್ಪಡಿ ಅಲ್ಲಾಡುತ್ತೆ. ಮಳೆ ಬಂದ ದಿನ ಅದರ ಮೇಲೆ ಕಾಲಿಟ್ಟರೆ ಅಡಿಯಿಂದ ಪಚಕ್ ಅಂತ ಮೋರಿ ನೀರು ಮೊಣಕಾಲವರೆಗೆ. ಎರಡು ಪ್ಯಾಂಟ್ ಹಾಳಾದ ಮೇಲೆ ಕಲಿತ ಪಾಠ ಇದು.

ತಳ್ಳುಗಾಡಿಯವರೂ ಫುಟ್‌ಪಾತಲ್ಲೇ ಇದ್ದಾರಲ್ಲ ಅಂತ ಒಬ್ಬರಾದರೂ ಕೇಳ್ತೀರಿ. ಇದ್ದಾರೆ. ಅವರು ಗಾಡಿ ಸ್ವಲ್ಪ ಸರಿಸಿ ದಾರಿ ಬಿಡ್ತಾರೆ, ಕೊಸರು ಅಂತ ನಾಲ್ಕು ಎಳೆ ಕೊತ್ತಂಬರಿ ಹಾಕ್ತಾರೆ. ಹಾರ್ನ್ ಹೊಡೆಯಲ್ಲ.

ನಿಯಮ ಇಲ್ಲ ಅಂತಲ್ಲ. ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸಬಾರದು ಅಂತ 2017ರ ಚಾಲನಾ ನಿಯಮಗಳಲ್ಲೇ ಇದೆ. ಫುಟ್‌ಪಾತ್ ಬಳಸೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಸೇರಿದ್ದು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಸ್ಕೂಟರಿನವನಿಗೆ ವಿಧಿ ಓದಿ ಹೇಳೋಣ ಅಂದರೆ ಅವನ ಕಿವಿಯಲ್ಲಿ ಇಯರ್‌ಫೋನ್.

"ರಾತ್ರಿ ಮನೇಲಿ ಯಾರಿಗಾದರೂ ಹುಷಾರು ತಪ್ಪಿದರೆ ಏನ್ಮಾಡ್ತೀಯ?" ಅಂತ ನಮ್ಮ ಅತ್ತಿಗೆ ಪ್ರತಿ ಹಬ್ಬಕ್ಕೂ ಕೇಳ್ತಾರೆ. ಒಪ್ಪಿದೆ, ಅಪ್ಪನಿಗೆ ಎದೆನೋವು ಬಂದಾಗ ಕರೆದುಕೊಂಡು ಹೋಗಿದ್ದು ಪಕ್ಕದ ಮನೆಯವರ ಕಾರಲ್ಲೇ. ಆದರೆ ಯಾವತ್ತೋ ಬರೋ ಒಂದು ರಾತ್ರಿಗೆ ಅಂತ ಏಳು ವರ್ಷ ಇಎಂಐ ಕಟ್ಟೋಕೆ ನನ್ನಿಂದಾಗಲ್ಲ. ಈ ಮಾತು ಇಲ್ಲಿಗೆ ಸಾಕು.

ಇನ್ನೊಂದು ಹೇಳಿಬಿಡ್ತೀನಿ, ಬೈಬೇಡಿ. ಹೋದ ತಿಂಗಳು ಭಾವನ ಕಾರಲ್ಲಿ ಮುಂದೆ ಕೂತಿದ್ದೆ. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಅಡ್ಡ ಬಂದರು. "ನೋಡ್ಕೊಂಡು ಬರಬಾರ್ದಾ ಇವ್ರು" ಅಂತ ನನ್ನ ಬಾಯಿಂದಲೇ ಬಂತು! ಭಾವ ನಗು ತಡೆಯಲಾರದೆ ಗಾಡಿ ಆಫ್ ಮಾಡಿಕೊಂಡರು. ಹತ್ತು ನಿಮಿಷದ ಎಸಿ ಗಾಳಿಗೆ ನಾನು ಇಷ್ಟಾಗಿದ್ದೆ.

ನಾಳೆ 8.30ಕ್ಕೆ ಆ ಸ್ಕೂಟರ್ ಮತ್ತೆ ಬರುತ್ತೆ. ಏನೇ ಆದರೂ ಇಳಿಯಲ್ಲ ಅಂತ ಮನೆಯಲ್ಲಿ ಶಪಥ ಮಾಡಿದ್ದೀನಿ. ಮಗು ಟಾಟಾ ಮಾಡಿದರೆ ಏನ್ಮಾಡ್ತೀರಿ ಅಂತ ಹೆಂಡತಿ ಕೇಳಿದಳು. ಅದನ್ನು ಯೋಚನೆ ಮಾಡಿರಲಿಲ್ಲ.